ಪರಚಿತ್ತಜ್ಞಾನ, ಪ್ರಣಯ ಮತ್ತು ವಿಜ್ಞಾನ ಕಾದಂಬರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳಿಗೆ ಭೌತವಿಜ್ಞಾನವನ್ನು ಬೋಧಿಸುವುದು ನಮ್ಮ ವೃತ್ತಿ. ಮಳೆಗಾಲದಲ್ಲಿ ಬಸ್ಸುಗಳು ತಡವಾದಾಗ, ತರಗತಿಯು ತುಂಬುವವರೆಗೆ ಪಾಠವನ್ನು ಬದಿಗಿಟ್ಟು ಬಂದಿರುವವರೊಡನೆ ಮಾತನಾಡುವ ರೂಢಿ ನಮ್ಮಲ್ಲುಂಟು. ಅಂತಹ ಒಂದು ಬೆಳಗ್ಗೆ ವಿದ್ಯಾರ್ಥಿಯೊಬ್ಬನು ಒಂದು ಆಂಗ್ಲ ಕಾದಂಬರಿಯನ್ನು ಮೇಜಿನ ಮೇಲಿಟ್ಟು, "ಸಾರ್, ಇದನ್ನು ಓದಬಾರದೆಂದು ಮನೆಯಲ್ಲಿ ಹೇಳುತ್ತಾರೆ, ಓದಿ ಪ್ರಯೋಜನವಿಲ್ಲವೆಂದು ವಿಜ್ಞಾನ ಓದಿದ ನಮ್ಮಣ್ಣ ಹೇಳುತ್ತಾನೆ. ತಾವೇನು ಹೇಳುತ್ತೀರಿ?" ಎಂದು ಕೇಳಿದನು.

ಆ ಪುಸ್ತಕವು ಅಮೆರಿಕದ ಲೇಖಕಿ ಉರ್ಸುಲಾ ಲೆಗ್ವಿನ್ 1969ರಲ್ಲಿ ಪ್ರಕಟಿಸಿದ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಎಂಬುದು. ಅದರಲ್ಲಿ ಮನಸ್ಸಿನಿಂದ ಮನಸ್ಸಿಗೆ ನೇರವಾಗಿ ಮಾತು ಸಾಗುವ ವಿದ್ಯೆಯೊಂದು ಬರುತ್ತದೆ. ಗಂಡು ಹೆಣ್ಣು ಎಂಬ ಸ್ಥಿರವಾದ ಭೇದವೇ ಇಲ್ಲದ ಜನರ ಲೋಕವೊಂದು ಬರುತ್ತದೆ. ಮೊದಲನೆಯದು ಅವೈಜ್ಞಾನಿಕವೆಂದು ಅಣ್ಣನ ಆಕ್ಷೇಪ. ಎರಡನೆಯದು ಅಸಭ್ಯವೆಂದು ಮನೆಯವರ ಆಕ್ಷೇಪ. ಎರಡೂ ಆಕ್ಷೇಪಗಳು ಸದುದ್ದೇಶದಿಂದ ಹುಟ್ಟಿದವೇ ಹೌದು. ಆದರೆ ಎರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಅಣ್ಣನ ಆಕ್ಷೇಪವನ್ನು ನೋಡೋಣ. ಇಂದ್ರಿಯಗಳ ನೆರವಿಲ್ಲದೆ ಒಬ್ಬರ ಭಾವನೆ ಇನ್ನೊಬ್ಬರಿಗೆ ತಿಳಿಯುವುದಕ್ಕೆ 'ಟೆಲಿಪತಿ' ಎಂಬ ಹೆಸರನ್ನು 1882ರಲ್ಲಿ ಕೊಟ್ಟವರು ಇಂಗ್ಲೆಂಡಿನ ಫ್ರೆಡರಿಕ್ ಮೈಯರ್ಸ್. ಹೆಸರು ಹೊಸದಾದರೂ ಕಲ್ಪನೆ ಹಳೆಯದು. ಪತಂಜಲಿಯ ಯೋಗಸೂತ್ರಗಳಲ್ಲಿ ಪರಚಿತ್ತಜ್ಞಾನವೂ ಪರಶರೀರಪ್ರವೇಶವೂ ಸಿದ್ಧಿಗಳ ಪಟ್ಟಿಯಲ್ಲಿ ಬರುತ್ತವೆ. ಪರರ ಚಿತ್ತದ ಸ್ಥಿತಿ ತಿಳಿದರೂ ಆ ಚಿತ್ತವು ಯಾವ ವಿಷಯವನ್ನು ಕುರಿತು ಯೋಚಿಸುತ್ತಿದೆಯೆಂಬುದು ತಿಳಿಯುವುದಿಲ್ಲವೆಂದು ಅಲ್ಲಿ ಒಂದು ಎಚ್ಚರಿಕೆಯೂ ಉಂಟು. ಈ ಭೇದವನ್ನು ನೆನಪಿನಲ್ಲಿಡಿ. ಮುಂದೆ ಅದು ನಮಗೆ ಬೇಕಾಗುವುದು.

ಮನಸ್ಸಿನ ಅಲೆಗಳನ್ನು ಅಳೆಯಲು ಹೊರಟವರಲ್ಲಿ ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ ಅವರ ಕಥೆ ಸ್ವಾರಸ್ಯವಾದುದು. ಯೌವನದಲ್ಲಿ ಸೈನ್ಯದಲ್ಲಿದ್ದಾಗ ಅವರು ಕುದುರೆಯಿಂದ ಬಿದ್ದು ಕೂದಲೆಳೆಯಷ್ಟರಲ್ಲಿ ಪ್ರಾಣಾಪಾಯದಿಂದ ಪಾರಾದರು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಕೇಡಾಯಿತೆಂದು ತೋರಿ, ಅವಳ ಒತ್ತಾಯದಿಂದ ತಂದೆಯವರು ತಂತಿ ಕಳುಹಿಸಿ ಕ್ಷೇಮ ವಿಚಾರಿಸಿದರು. ತನ್ನ ಭಯವೇ ಅಕ್ಕನಿಗೆ ಮುಟ್ಟಿತೆಂದು ನಂಬಿದ ಬರ್ಗರ್, ಮಿದುಳಿನ ಶಕ್ತಿಯು ಹೊರಗೆ ಹೇಗೆ ಹರಿಯುವುದೆಂದು ದಶಕಗಳ ಕಾಲ ಹುಡುಕಿದರು. 1924ರಲ್ಲಿ ಮನುಷ್ಯನ ತಲೆಯ ಮೇಲಿಂದ ಮಿದುಳಿನ ವಿದ್ಯುತ್ತಿನ ಏರಿಳಿತವನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಇಂದು ಮೂರ್ಛೆರೋಗದ ಪರೀಕ್ಷೆಗೆ ಆಸ್ಪತ್ರೆಗಳಲ್ಲಿ ಬಳಸುವ ಇ.ಇ.ಜಿ. ಹುಟ್ಟಿದುದು ಹೀಗೆ. ಹುಡುಕಿದುದು ಸಿಕ್ಕಲಿಲ್ಲ, ಸಿಕ್ಕಿದುದು ಲೋಕೋಪಕಾರಿಯಾಯಿತು. ವಿಜ್ಞಾನದ ಚರಿತ್ರೆಯಲ್ಲಿ ಇಂತಹುದು ವಿರಳವಲ್ಲ.

ಬರ್ಗರ್ ಕಂಡ ಆ ವಿದ್ಯುತ್ತು ಏಕೆ ಪರಚಿತ್ತಜ್ಞಾನದ ವಾಹನವಾಗಲಾರದು ಎಂಬುದನ್ನು ಪದವಿಪೂರ್ವ ತರಗತಿಯ ಗಣಿತದಿಂದಲೇ ತಿಳಿಯಬಹುದು. ಮಿದುಳು ಸುಮಾರು 20 ವಾಟ್ ಶಕ್ತಿಯಿಂದ ಕೆಲಸ ಮಾಡುತ್ತದೆ. ಆದರೆ ತಲೆಯ ಚರ್ಮದ ಮೇಲೆ ದೊರೆಯುವುದು ಕೆಲವು ಹತ್ತು ಮೈಕ್ರೋವೋಲ್ಟುಗಳ ಏರಿಳಿತ ಮಾತ್ರ. ಅದರ ಕಂಪನವು ಸೆಕೆಂಡಿಗೆ ಸುಮಾರು 10 ಬಾರಿ. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಅಲೆಯುದ್ದ 30,000 ಕಿಲೋಮೀಟರ್ ಬರುವುದು. ಇಷ್ಟುದ್ದದ ಅಲೆಯನ್ನು ಒಂದು ಗೇಣಿನ ತಲೆಯು ಹೊರಕ್ಕೆ ಪ್ರಸಾರ ಮಾಡುವುದೆಂದರೆ ಸಮುದ್ರವನ್ನು ಚಮಚದಿಂದ ಕಲಕಿ ಅಲೆಯೆಬ್ಬಿಸಿದಂತೆಯೇ ಸರಿ.

ಮಿದುಳಿನ ಕಾಂತಕ್ಷೇತ್ರವನ್ನು 1968ರಲ್ಲಿ ಡೇವಿಡ್ ಕೊಹೆನ್ ಮೊದಲು ಅಳೆದರು. ಅದು ತಲೆಯ ಹತ್ತಿರದಲ್ಲಿ ಒಂದು ಟೆಸ್ಲಾದ ಹತ್ತು ಲಕ್ಷ ಕೋಟಿ ಪಾಲಿನಲ್ಲಿ ಒಂದರಷ್ಟು. ನಮ್ಮ ಮಲೆನಾಡಿನಲ್ಲಿ ಭೂಮಿಯ ಕಾಂತಕ್ಷೇತ್ರವು ಇದಕ್ಕಿಂತ ಸುಮಾರು 40 ಕೋಟಿ ಪಟ್ಟು ದೊಡ್ಡದು. ಅಷ್ಟೇ ಅಲ್ಲ, ಈ ಬಗೆಯ ಕ್ಷೇತ್ರವು ದೂರದ ಘನಕ್ಕೆ ಅನುಗುಣವಾಗಿ ಕ್ಷೀಣಿಸುವುದು. ಹತ್ತು ಸೆಂಟಿಮೀಟರಿನಲ್ಲಿ ಇದ್ದುದು ಹತ್ತು ಮೀಟರಿನಲ್ಲಿ ಹತ್ತು ಲಕ್ಷದಲ್ಲೊಂದು ಪಾಲಾಗುತ್ತದೆ. ಹತ್ತು ಕಿಲೋಮೀಟರಿನಲ್ಲಿ ಹತ್ತು ಕೋಟಿ ಕೋಟಿಯಲ್ಲೊಂದು ಪಾಲಾಗುತ್ತದೆ. ಕೊಪ್ಪಕ್ಕೂ ಶೃಂಗೇರಿಗೂ ಹಕ್ಕಿ ಹಾರುವ ದಾರಿಯಲ್ಲಿಯೇ ಇದಕ್ಕಿಂತ ಹೆಚ್ಚು ದೂರವುಂಟು. ಹತ್ತಾರು ವಾಟ್ ಶಕ್ತಿಯ ಗೋಪುರಗಳಿದ್ದೂ ನಮ್ಮ ವಿದ್ಯಾರ್ಥಿಗಳು ಫೋನಿನ ಸಿಗ್ನಲ್ಲಿಗಾಗಿ ಮನೆಯ ಹಿಂದಿನ ಗುಡ್ಡವನ್ನು ಹತ್ತಬೇಕಾಗಿರುವಾಗ, ಮಿದುಳಿನ ಈ ಪಿಸುಮಾತು ಗುಡ್ಡವನ್ನು ದಾಟೀತೆಂದು ನಂಬುವುದು ಕಷ್ಟ.

"ಭೌತವಿಜ್ಞಾನಕ್ಕೆ ಇನ್ನೂ ತಿಳಿಯದ ಬೇರೊಂದು ವಾಹನವಿರಬಾರದೇಕೆ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಾಹನ ತಿಳಿಯದಿದ್ದರೂ ಫಲವನ್ನು ಪರೀಕ್ಷಿಸಬಹುದಷ್ಟೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಜೆ. ಬಿ. ರೈನ್ ಮಾಡಿದುದು ಅದನ್ನೇ. 1934ರಲ್ಲಿ ಅವರು ತಮ್ಮ ಫಲಿತಾಂಶಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ವೃತ್ತ, ಚೌಕ, ನಕ್ಷತ್ರ, ಕೂಡು ಗುರುತು, ಅಲೆಗೆರೆ ಎಂಬ ಐದು ಚಿಹ್ನೆಗಳ 25 ಎಲೆಗಳು. ಒಬ್ಬರು ಎಲೆಯನ್ನು ನೋಡುವುದು, ಇನ್ನೊಬ್ಬರು ಮರೆಯಲ್ಲಿ ಕುಳಿತು ಹೇಳುವುದು. ಬರಿಯ ಊಹೆಯಿಂದಲೇ ಸರಾಸರಿ 5 ಸರಿಯಾಗುತ್ತವೆ. ಈಗ 60 ಜನರ ಒಂದು ತರಗತಿಯಲ್ಲಿ ಈ ಆಟವನ್ನು ಆಡಿದರೆ, ಯಾವ ಸಿದ್ಧಿಯೂ ಇಲ್ಲದೆ, ಸುಮಾರು ಮೂವರು 9 ಅಥವಾ ಅದಕ್ಕಿಂತ ಹೆಚ್ಚನ್ನು ಸರಿಯಾಗಿ ಹೇಳುವರು. ಸಂಭವನೀಯತೆಯ ಪಾಠ ಓದಿದವರು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಆ ಮೂವರನ್ನು ಮಾತ್ರ ಹಿಡಿದು ಮೆರವಣಿಗೆ ಮಾಡಿ, ಉಳಿದ 57 ಜನರನ್ನು ಮರೆತರೆ ಪವಾಡ ಸಿದ್ಧವಾಯಿತು! ಅವರನ್ನೇ ಮತ್ತೆ ಪರೀಕ್ಷಿಸಿದರೆ ಪವಾಡ ಕರಗುವುದು. ಬಿಗಿಯಾದ ಏರ್ಪಾಟಿನಲ್ಲಿ ಬೇರೆಯವರು ಈ ಪ್ರಯೋಗಗಳನ್ನು ಮಾಡಿದಾಗ ಫಲ ನಿಲ್ಲಲಿಲ್ಲ. 1940ರ ದಶಕದಲ್ಲಿ ಇಂಗ್ಲೆಂಡಿನ ಸೋಲ್ ಎಂಬ ಗಣಿತಜ್ಞರು ನಡೆಸಿದ ಪ್ರಸಿದ್ಧ ಪ್ರಯೋಗಗಳ ಅಂಕಿಗಳನ್ನು ತಿದ್ದಲಾಗಿತ್ತೆಂದು 1978ರಲ್ಲಿ ಬೆಟ್ಟಿ ಮಾರ್ಕ್‌ವಿಕ್ ತೋರಿಸಿಕೊಟ್ಟರು.

ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದಾಗ ಹಿಡಿದ ಮಾರ್ಗವೂ ಇದೇ: ಹಳಿಯಬೇಡ, ಹೊಗಳಬೇಡ, ಪರೀಕ್ಷಿಸು. ಅವರೂ ಭೌತವಿಜ್ಞಾನದ ಅಧ್ಯಾಪಕರೇ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಹಾಗಾದರೆ ಅಣ್ಣನು ಹೇಳಿದುದು ಸರಿಯಾಯಿತಲ್ಲವೆ? ಪರಚಿತ್ತಜ್ಞಾನವಿಲ್ಲದಿದ್ದರೆ ಅದನ್ನು ಕುರಿತ ಕಾದಂಬರಿಯಿಂದೇನು ಪ್ರಯೋಜನ? ಇಲ್ಲಿಯೇ ನಾವು ಅಣ್ಣನಿಂದ ಬೇರೆಯಾಗುತ್ತೇವೆ. ಘರ್ಷಣೆಯಿಲ್ಲದ ಮೇಜು, ತೂಕವಿಲ್ಲದ ದಾರ, ಇವು ಲೋಕದಲ್ಲಿ ಎಲ್ಲಿಯೂ ಇಲ್ಲ. ಆದರೂ ನಾವು ದಿನವೂ ಕರಿಹಲಗೆಯ ಮೇಲೆ ಅವನ್ನು ಬರೆದು ಲೆಕ್ಕ ಮಾಡಿಸುತ್ತೇವೆ. ಇಲ್ಲದ ವಸ್ತುವನ್ನು ಊಹಿಸಿ ಇರುವ ನಿಯಮವನ್ನು ಕಾಣುವುದು ವಿಜ್ಞಾನದ ಒಂದು ಕ್ರಮ. ಮನಸ್ಸನ್ನು ಓದಬಲ್ಲ ಮನುಷ್ಯನೂ ಕಾದಂಬರಿಕಾರನ ಘರ್ಷಣೆಯಿಲ್ಲದ ಮೇಜು. ಮನುಷ್ಯ ಮನುಷ್ಯರ ನಡುವಣ ಘರ್ಷಣೆಯನ್ನು ತೆಗೆದುಹಾಕಿದರೆ ಏನಾದೀತು? ಆಗ ಸ್ನೇಹ, ಪ್ರೇಮ, ದಾಂಪತ್ಯ ಇವುಗಳ ಗತಿಯೇನು? ಪ್ರಶ್ನೆ ಇದು.

ಈ ಪ್ರಶ್ನೆಯು ವಿದೇಶದಿಂದ ಬಂದುದೆಂದು ಯಾರೂ ಭಾವಿಸಬೇಕಾಗಿಲ್ಲ. ಶೃಂಗೇರಿಯ ಮಕ್ಕಳಿಗೆ ಅದರ ಕಥೆ ಗೊತ್ತೇ ಇದೆ. ಮಾಧವೀಯವೆಂದು ಪ್ರಸಿದ್ಧವಾದ ಶಂಕರವಿಜಯ ಕಾವ್ಯದಲ್ಲಿ, ಮಂಡನಮಿಶ್ರರನ್ನು ವಾದದಲ್ಲಿ ಗೆದ್ದ ಶಂಕರರಿಗೆ ಮಂಡನರ ಪತ್ನಿ ಉಭಯಭಾರತಿಯು ಕಾಮಶಾಸ್ತ್ರದ ಪ್ರಶ್ನೆಗಳನ್ನು ಒಡ್ಡುತ್ತಾಳೆ. ಯತಿಯು ಒಂದು ತಿಂಗಳ ಅವಧಿಯನ್ನು ಬೇಡಿ, ತನ್ನ ದೇಹವನ್ನು ಶಿಷ್ಯರ ಕಾವಲಿನಲ್ಲಿಟ್ಟು, ಮೃತನಾದ ಅಮರುಕ ರಾಜನ ದೇಹವನ್ನು ಪ್ರವೇಶಿಸಿ, ಅರಮನೆಯಲ್ಲಿದ್ದು ಆ ಜ್ಞಾನವನ್ನು ಪಡೆದು ಬರುತ್ತಾನೆ. ಆ ಉಭಯಭಾರತಿಯೇ ತುಂಗಾತೀರದಲ್ಲಿ ಶಾರದೆಯಾಗಿ ನೆಲೆಸಿದಳೆಂದು ಐತಿಹ್ಯ. ಭಕ್ತರಿಗೆ ಇದು ಪೂಜ್ಯವಾದ ಕಥೆ. ಅದನ್ನು ಮಾಪನ ಯಂತ್ರದ ಮುಂದೆ ನಿಲ್ಲಿಸುವ ಇಚ್ಛೆ ನಮಗಿಲ್ಲ. ಆದರೆ ಅದರೊಳಗಿನ ಒಂದು ವಿಚಾರ ನಮ್ಮನ್ನು ಬಹುಕಾಲ ಆಕರ್ಷಿಸಿದೆ. ಸರ್ವಜ್ಞನೆನಿಸಿದವನಿಗೂ ಪ್ರಣಯದ ಅರಿವು ಗ್ರಂಥದಿಂದ ದೊರೆಯಲಿಲ್ಲ, ಪರರ ಚಿತ್ತವನ್ನು ಓದುವುದರಿಂದಲೂ ದೊರೆಯಲಿಲ್ಲ. ಅದಕ್ಕೊಂದು ದೇಹವೇ ಬೇಕಾಯಿತು. ವಾಹನವಿಲ್ಲದೆ ಸಂದೇಶವಿಲ್ಲವೆಂದು ನಾವು ತರಗತಿಯಲ್ಲಿ ಹೇಳುವುದನ್ನು ಆ ಕವಿಯು ತನ್ನದೇ ರೀತಿಯಲ್ಲಿ ಹೇಳಿದಂತಿದೆ.

ಈ ಕಥೆಯನ್ನು ಅಂದು ತರಗತಿಯಲ್ಲಿ ನೆನಪಿಸಿದಾಗ, ಹಿಂದಿನ ಬೆಂಚಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸಾರ್, ರಾಜನ ಶರೀರದಲ್ಲಿದ್ದವರು ಬೇರೆಯವರೆಂದು ರಾಣಿಯರಿಗೆ ಗೊತ್ತಿತ್ತೆ?" ಎಂದು ಕೇಳಿದಳು. ಮಂತ್ರಿಗಳಿಗೆ ಸಂಶಯ ಬಂದಿತೆಂದು ಕಾವ್ಯ ಹೇಳುತ್ತದೆ. ರಾಣಿಯರ ಒಪ್ಪಿಗೆಯನ್ನು ಯಾರೂ ಕೇಳಿದಂತೆ ನಮಗೆ ನೆನಪಿಲ್ಲ. ಅವಳ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ನೂರಾರು ವರ್ಷಗಳಿಂದ ಹೇಳುತ್ತ ಬಂದ ಕಥೆಯಲ್ಲಿ ಕೇಳದೆ ಉಳಿದಿದ್ದ ಪ್ರಶ್ನೆಯನ್ನು ಅವಳು ಕೇಳಿದಳು. ಒಳ್ಳೆಯ ವಿಜ್ಞಾನ ಕಾದಂಬರಿಕಾರರು ಕೇಳುವ ಪ್ರಶ್ನೆಯೂ ಇಂತಹುದೇ.

ಕನ್ನಡದಲ್ಲಿ ಈ ಬಗೆಯ ಧೈರ್ಯವನ್ನು ತೋರಿದ ಕೃತಿ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು'. 1968ರಲ್ಲಿ ಪ್ರಕಟವಾದ ಈ ಕಾದಂಬರಿಗೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಿತು. ಬಾಲ್ಯದಲ್ಲಿಯೇ ವಿಧವೆಯಾದ ವೃದ್ಧೆಯೊಬ್ಬಳಿಗೆ, ಮೊಮ್ಮಗ ಸುಬ್ಬರಾಯನು ಕೈಗಿತ್ತ ಹಳೆಯ ವಸ್ತುಗಳನ್ನು ಮುಟ್ಟಿದಾಗ, ಅವುಗಳ ಗತಕಾಲವು ಕಣ್ಣಿಗೆ ಕಟ್ಟುತ್ತದೆ. ಎದುರಿಗಿರುವವರ ಅಂತರಂಗವೂ ತಿಳಿಯುತ್ತದೆ. ಇದು ವಿಜ್ಞಾನ ಕಾದಂಬರಿಯೆಂದು ನಾವು ಹೇಳುವುದಿಲ್ಲ. ಆದರೆ ಕಾರಂತರು ಇಂದ್ರಿಯಾತೀತ ದೃಷ್ಟಿಯನ್ನು ಬಳಸಿಕೊಂಡ ರೀತಿಯನ್ನು ಗಮನಿಸಿ. ಆ ಶಕ್ತಿಯನ್ನು ಅವರು ಪವಾಡವಾಗಿ ಮೆರೆಸಲಿಲ್ಲ. ಅದರ ಮೂಲಕ ದೇವರು, ಧರ್ಮ, ಸ್ತ್ರೀಪುರುಷ ಸಂಬಂಧ ಇವುಗಳ ಮೇಲೆ ಮನುಷ್ಯನು ಹೊದಿಸಿದ ಮುಸುಕುಗಳನ್ನು ಸರಿಸಿದರು. ದಾಂಪತ್ಯಸುಖವನ್ನೇ ಕಾಣದ ಅಜ್ಜಿಯ ಬಾಯಿಂದ, ಜೀವ ಜೀವವನ್ನು ಬಯಸುವುದು ನಾಚಿಕೆಯ ವಿಷಯವಲ್ಲವೆಂಬ ಮಾತು ಬರುವುದು. ಈ ಕಾದಂಬರಿಯನ್ನು ನಮ್ಮ ಹಿರಿಯರು ಅಸಭ್ಯವೆನ್ನಲಿಲ್ಲ, ಪಠ್ಯವಾಗಿ ಓದಿದರು. ಕನ್ನಡದ ಅಜ್ಜಿ ಹೇಳಬಹುದಾದುದನ್ನು ಅಮೆರಿಕದ ಲೇಖಕಿ ಹೇಳಬಾರದೇಕೆ?

ಇನ್ನು ಆ ಲೇಖಕಿಯ ಪುಸ್ತಕಕ್ಕೆ ಬರೋಣ. 1960ರ ದಶಕದಲ್ಲಿ ಆಂಗ್ಲ ವಿಜ್ಞಾನ ಕಾದಂಬರಿಯಲ್ಲಿ ಪ್ರಯೋಗಶೀಲರಾದ ಹೊಸ ಲೇಖಕರ ಪೀಳಿಗೆಯೊಂದು ಬಂದಿತು. ಅವರ ಆಸಕ್ತಿ ರಾಕೆಟ್ಟುಗಳಿಗಿಂತ ಹೆಚ್ಚಾಗಿ ಮನಸ್ಸು ಮತ್ತು ಸಮಾಜಗಳಲ್ಲಿ. ಲೆಗ್ವಿನ್ ಕಲ್ಪಿಸಿದ ಗೆದೆನ್ ಎಂಬ ಹಿಮಗ್ರಹದ ಜನರು ತಿಂಗಳಲ್ಲಿ ಕೆಲವು ದಿನಗಳು ಮಾತ್ರ ಗಂಡಾಗಿಯೋ ಹೆಣ್ಣಾಗಿಯೋ ಮಾರ್ಪಡುವರು. ಉಳಿದ ದಿನ ಎರಡೂ ಅಲ್ಲ. ಇಂದು ತಂದೆಯಾದವರು ಮುಂದೆ ತಾಯಿಯೂ ಆಗಬಹುದು. ಅಂತಹ ಸಮಾಜದಲ್ಲಿ 'ಇದು ಹೆಂಗಸರ ಕೆಲಸ' ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ಭೂಮಿಯಿಂದ ಹೋದ ದೂತನೂ ಆ ಗ್ರಹದ ಎಸ್ಟ್ರಾವೆನ್ ಎಂಬುವನೂ ಹಿಮದ ಮೇಲೆ ವಾರಗಟ್ಟಲೆ ಒಂದೇ ಡೇರೆಯಲ್ಲಿ ಪ್ರಯಾಣ ಮಾಡುವರು. ಆಕರ್ಷಣೆಯಿದೆಯೆಂದು ಇಬ್ಬರೂ ಬಲ್ಲರು. ಅದನ್ನು ಒಪ್ಪಿಕೊಂಡೇ ಮಿತಿಯನ್ನು ಕಾಯುವರು. ಬಳಿಕ ದೂತನು ಮನೋಭಾಷೆಯನ್ನು ಕಲಿಸುತ್ತಾನೆ. ಆದರೆ ಎಸ್ಟ್ರಾವೆನ್ನನಿಗೆ ಆ ಮಾತು ಗೆಳೆಯನ ಧ್ವನಿಯಲ್ಲಿ ಕೇಳಿಸದೆ, ಸತ್ತುಹೋದ ತನ್ನ ಸೋದರನ ಧ್ವನಿಯಲ್ಲಿ ಕೇಳಿಸುವುದು! ಮನಸ್ಸು ಮನಸ್ಸನ್ನು ಮುಟ್ಟಿದರೂ ಕೇಳುವವನು ತನ್ನ ಗಾಯದ ಮೂಲಕವೇ ಕೇಳುತ್ತಾನೆ. ಇದರಲ್ಲಿ ಅಸಭ್ಯವಾದುದು ಏನಿದೆಯೋ ನಮಗೆ ಕಾಣದು.

ಬೇರೆ ಲೇಖಕರು ಬೇರೆ ಫಲಗಳನ್ನು ಕಂಡಿರುವರು. ಮೊದಲ ಹ್ಯೂಗೋ ಪ್ರಶಸ್ತಿ ಪಡೆದ, ಆಲ್ಫ್ರೆಡ್ ಬೆಸ್ಟರ್ ಅವರ 'ದಿ ಡೆಮಾಲಿಷ್ಡ್ ಮ್ಯಾನ್' ಕಾದಂಬರಿಯಲ್ಲಿ ಮನಸ್ಸನ್ನು ಓದುವವರ ಸಂಘವೊಂದಿದೆ. ಅದಕ್ಕೆ ಕಟ್ಟುನಿಟ್ಟಾದ ಪ್ರತಿಜ್ಞೆಯುಂಟು. ಸದಸ್ಯರು ಯಾರನ್ನು ಮದುವೆಯಾಗಬೇಕೆಂಬುದನ್ನೂ ಸಂಘವೇ ಕಟ್ಟುಮಾಡುತ್ತದೆ. ರಾಬರ್ಟ್ ಸಿಲ್ವರ್‌ಬರ್ಗ್ 1972ರಲ್ಲಿ ಬರೆದ 'ಡೈಯಿಂಗ್ ಇನ್‌ಸೈಡ್'ನ ನಾಯಕನಿಗೆ ಹುಟ್ಟಿನಿಂದಲೇ ಈ ಶಕ್ತಿಯಿದೆ. ಎಲ್ಲರ ಅಂತರಂಗವನ್ನೂ ಕದ್ದು ನೋಡಿದ ಅವನಿಗೆ ಯಾರೊಡನೆಯೂ ಬಾಳಲಾಗಲಿಲ್ಲ. ತಿಳಿಯುವುದು ಬೇರೆ, ಹತ್ತಿರವಾಗುವುದು ಬೇರೆ. ಈ ಪುಸ್ತಕಗಳೆಲ್ಲ ಹದಿಹರೆಯದವರಿಗೇ ಬರೆದವಲ್ಲ. ಕೆಲವನ್ನು ಕಾಲೇಜು ಮುಗಿಸುವ ವೇಳೆಗೆ ಓದಿದರೆ ಸಾಕು. ಓದಿದಾಗ ಹಿರಿಯರೊಡನೆ ಚರ್ಚಿಸುವುದು ಒಳ್ಳೆಯದು. ಇಷ್ಟು ಎಚ್ಚರಿಕೆಯನ್ನು ನಾವೂ ಹೇಳುತ್ತೇವೆ.

ಇದನ್ನೆಲ್ಲ ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವುಂಟು. ಹಲವು ವರ್ಷಗಳ ಹಿಂದೆ, ನಾವು ಬೇರೊಂದು ಊರಿನಲ್ಲಿ ಪಾಠ ಹೇಳುತ್ತಿದ್ದಾಗ, ಬುದ್ಧಿವಂತನಾದ ವಿದ್ಯಾರ್ಥಿಯೊಬ್ಬನು ಸಹಪಾಠಿನಿಯೊಬ್ಬಳ ಹಿಂದೆ ಬಿದ್ದಿದ್ದನು. ಕರೆದು ವಿಚಾರಿಸಿದರೆ, "ಅವಳ ಮನಸ್ಸು ನನಗೆ ಗೊತ್ತು ಸಾರ್" ಎಂದನು. "ಅವಳು ಹೇಳಿದಳೆ?" ಎಂದು ಕೇಳಿದೆವು. "ಹೇಳಬೇಕಾಗಿಲ್ಲ, ತಿಳಿಯುತ್ತದೆ" ಎಂದನು. ಅವಳು ತಲೆ ತಗ್ಗಿಸಿದುದು, ದಾರಿ ಬದಲಿಸಿದುದು, ಮಾತನಾಡದೆ ಹೋದುದು ಎಲ್ಲವೂ ಅವನಿಗೆ ಒಪ್ಪಿಗೆಯ ಸಂಕೇತಗಳೇ ಆಗಿದ್ದವು. ನಾವು ಗದರಿಸಿ ಕಳುಹಿಸಿದೆವು, ಅಲ್ಲಿಗೆ ಮುಗಿಯಿತೆಂದುಕೊಂಡೆವು. ಆ ವರ್ಷದ ಕೊನೆಯ ಪರೀಕ್ಷೆಗೆ ಆ ಹುಡುಗಿ ಬರಲಿಲ್ಲ. ಮನೆಯವರು ಕಾಲೇಜು ಬಿಡಿಸಿದರೆಂದು ಆಮೇಲೆ ತಿಳಿಯಿತು. ಅವನು ಎಲೆಗಳ ಆಟದಲ್ಲಿ ಸರಿಯಾದ 5ನ್ನು ಎಣಿಸಿ, ತಪ್ಪಾದ 20ನ್ನು ಮರೆತವನಂತೆ ನಡೆದುಕೊಂಡನು. ಅವನಿಗೆ ಅಲೆಗಳ ಪಾಠ ಹೇಳಿದ ನಾವು ಈ ಪಾಠವನ್ನು ಹೇಳಿರಲಿಲ್ಲ.

ಆದ್ದರಿಂದ ಈಗ ಹೇಳುತ್ತೇವೆ. ಪರಚಿತ್ತಜ್ಞಾನವಿಲ್ಲವೆಂಬುದು ಕೇವಲ ಭೌತವಿಜ್ಞಾನದ ಸಂಗತಿಯಲ್ಲ. ಅದರಿಂದ ಒಂದು ಕರ್ತವ್ಯವೂ ಹುಟ್ಟುತ್ತದೆ. ಇನ್ನೊಬ್ಬರ ಮನಸ್ಸು ತಾನಾಗಿ ನಮಗೆ ತಿಳಿಯದು, ಆದುದರಿಂದ ಕೇಳಬೇಕು. ಕೇಳಿದ ಮೇಲೆ ದೊರೆತ ಉತ್ತರವನ್ನು, ಅದು 'ಇಲ್ಲ' ಎಂದಿದ್ದರೂ, ನಂಬಬೇಕು. ಮೌನವು ಸಮ್ಮತಿಯ ಲಕ್ಷಣವೆಂಬ ಹಳೆಯ ಮಾತು ಪ್ರಣಯದ ವಿಷಯದಲ್ಲಿ ಅಪಾಯಕರವಾದುದು. ಮೌನವು ಬಹುವೇಳೆ ಭಯದ ಲಕ್ಷಣ. ಸಿನಿಮಾ ಹಾಡುಗಳು ಹೃದಯ ಹೃದಯದೊಡನೆ ಮಾತನಾಡುವುದೆಂದು ಹಾಡಲಿ. ಮನುಷ್ಯರು ಮಾತ್ರ ಬಾಯಿಯಿಂದಲೇ ಮಾತನಾಡಬೇಕು. ವಶೀಕರಣವೆಂದು ಜಾಹೀರಾತು ಕೊಟ್ಟು ತರುಣರಿಂದ ಹಣ ಕೀಳುವವರ ಮಾತಿಗೆ ಮರುಳಾಗುವವರೂ ಇದನ್ನು ನೆನೆಯಬೇಕು. ಇನ್ನೊಬ್ಬರ ಇಚ್ಛೆಯನ್ನು ಅವರಿಗೆ ತಿಳಿಯದಂತೆ ತಿರುಗಿಸುವ ಶಕ್ತಿಯಿಲ್ಲ. ಇದ್ದಿದ್ದರೂ ಅದನ್ನು ಬಳಸುವುದು ಅಪರಾಧವೇ ಆಗುತ್ತಿತ್ತು.

ಕೊನೆಯದಾಗಿ, ಈ ಪ್ರಶ್ನೆಗಳು ಇನ್ನು ಮುಂದೆ ಕಥೆಯಲ್ಲಿ ಮಾತ್ರ ಉಳಿಯಲಾರವು. 2014ರಲ್ಲಿ ತಿರುವನಂತಪುರದಲ್ಲಿ ಕುಳಿತ ಒಬ್ಬರ ಮಿದುಳಿನ ಸಂಕೇತವನ್ನು ಇ.ಇ.ಜಿ.ಯಿಂದ ಹಿಡಿದು, ಅಂತರ್ಜಾಲದ ಮೂಲಕ ಫ್ರಾನ್ಸಿನ ಸ್ಟ್ರಾಸ್‌ಬರ್ಗಿಗೆ ಕಳುಹಿಸಿ, ಅಲ್ಲಿದ್ದವರ ಮಿದುಳನ್ನು ಕಾಂತಸ್ಪಂದನದಿಂದ ಪ್ರಚೋದಿಸಿ, 'ಹೋಲಾ' 'ಚಾವ್' ಎಂಬ ಎರಡು ಪದಗಳನ್ನು ಸೊನ್ನೆ ಒಂದುಗಳ ರೂಪದಲ್ಲಿ ಮುಟ್ಟಿಸಿದರು. 2023ರಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾನಿಲಯದವರು ಎಂ.ಆರ್.ಐ. ಯಂತ್ರದೊಳಗೆ ಮಲಗಿ ಕಥೆ ಕೇಳುತ್ತಿದ್ದವರ ಮಿದುಳಿನ ಚಿತ್ರಗಳಿಂದ ಆ ಕಥೆಯ ಸ್ಥೂಲವಾದ ಸಾರವನ್ನು ಗಣಕದಿಂದ ಬರೆಯಿಸಿದರು. ಚಿತ್ತದ ಸ್ಥಿತಿ ಬೇರೆ, ಚಿತ್ತದ ವಿಷಯ ಬೇರೆ ಎಂಬ ಆ ಹಳೆಯ ಭೇದದ ಗೆರೆಯನ್ನು ಯಂತ್ರವು ಈಗ ಮೆಲ್ಲನೆ ಮುಟ್ಟುತ್ತಿದೆ. ಆದರೆ ಅದಕ್ಕೆ ಪ್ರತಿಯೊಬ್ಬರೂ 16 ಗಂಟೆಗಳ ಕಾಲ ಯಂತ್ರದಲ್ಲಿ ಮಲಗಿ ಸಹಕರಿಸಬೇಕಾಯಿತು. ಬೇಕೆಂದೇ ಬೇರೆ ಯೋಚನೆ ಮಾಡಿದಾಗ ಯಂತ್ರವು ಸೋತಿತು. ಇಂದು ಒಪ್ಪಿಗೆಯಿಲ್ಲದೆ ಓದಲಾಗದು. ನಾಳೆ ಓದಲಾದರೆ? ನಿಮ್ಮ ಅಂತರಂಗವು ಯಾರ ಸ್ವತ್ತು? ಆ ಕಾನೂನನ್ನು ಬರೆಯುವ ತಲೆಮಾರು ಈಗ ನಮ್ಮ ಬೆಂಚುಗಳ ಮೇಲೆ ಕುಳಿತಿದೆ. ರಾಣಿಯರನ್ನು ಕೇಳಿದರೆ ಎಂದು ಪ್ರಶ್ನಿಸಬಲ್ಲವರೇ ಅದನ್ನು ಸರಿಯಾಗಿ ಬರೆದಾರು.

ಆ ವಿದ್ಯಾರ್ಥಿಗೆ ನಾವು ಪುಸ್ತಕವನ್ನು ಹಿಂದಿರುಗಿಸಿ, "ಓದು. ಓದಿದ ಮೇಲೆ ನಿಮ್ಮಣ್ಣನಿಗೂ ಕೊಡು, ಮನೆಯಲ್ಲಿ ಮರೆಮಾಡಬೇಡ, ಕೇಳಿದರೆ ಕಥೆಯನ್ನು ಹೇಳು" ಎಂದೆವು. ಅಷ್ಟರಲ್ಲಿ ನರಸಿಂಹರಾಜಪುರದ ಬಸ್ಸು ಬಂದಿತು. ನೆನೆದ ಕೊಡೆಗಳನ್ನು ಗೋಡೆಗೆ ಒರಗಿಸಿ ಎಲ್ಲರೂ ಕುಳಿತರು. ಅಲೆಯುದ್ದವನ್ನು ಕುರಿತ ಪಾಠವನ್ನು ನಾವು ಆರಂಭಿಸಿದೆವು.